ಬಳ್ಳಿಯಲ್ಲಿ ನೆಲೆಸಿದ ಕೊಂಬೆ

ಶತ್ರುವನ್ನು ಪ್ರೀತಿಸಬೇಕು, ಅನ್ಯಾಯ ಮಾಡಿದವನನ್ನು ಕ್ಷಮಿಸಬೇಕು ಎಂಬುದು ಯೇಸುಕ್ರಿಸ್ತನ ಬೋಧೆ. ಕೇಳಲು ಇಷ್ಟು ಹಿತವಾದ, ನಡೆಯಲು ಇಷ್ಟು ಕಷ್ಟವಾದ ಮಾತು ಬೇರೊಂದಿರಲಾರದು. ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಮೂವತ್ತು ವರ್ಷ ಕನ್ನಡ ಕಾವ್ಯವನ್ನು ಪಾಠ ಹೇಳಿದ ನಾನು, ಹಿರಿಯರ ಮನೆಯ ಪಾಲಿನ ವಿಷಯದಲ್ಲಿ ಮನಸ್ತಾಪ ಬೆಳೆದು ಹನ್ನೊಂದು ವರ್ಷ ನನ್ನ ತಮ್ಮನ ಹೊಸ್ತಿಲು ತುಳಿಯಲಿಲ್ಲ. ಭಾನುವಾರದ ಆರಾಧನೆಯನ್ನು ಮಾತ್ರ ಒಮ್ಮೆಯೂ ತಪ್ಪಿಸಿದವನಲ್ಲ. ಬೋಧೆ ನನಗೆ ತಿಳಿದಿತ್ತು. ತಿಳಿದದ್ದರಿಂದ ಏನೂ ಆಗಲಿಲ್ಲ.

ಇದು ನನ್ನೊಬ್ಬನ ಕಥೆಯಲ್ಲ. ಧರ್ಮವೇನೆಂದು ಬಲ್ಲವನಾದರೂ ಮನಸ್ಸು ಅತ್ತ ಹರಿಯದೆಂಬ ಅಳಲನ್ನು ನಮ್ಮ ಪರಂಪರೆ ದುರ್ಯೋಧನನ ಬಾಯಲ್ಲಿ ಇರಿಸಿದೆ. ಸಂತ ಪೌಲನೂ ರೋಮಾಪುರದವರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ ಇದೇ ಸಂಕಟವನ್ನು ತೋಡಿಕೊಳ್ಳುತ್ತಾನೆ. ಆದರೆ ಅವನು ಅಲ್ಲಿಗೇ ನಿಲ್ಲುವುದಿಲ್ಲ. ತನ್ನನ್ನು ಬಿಡಿಸುವವರು ಯಾರೆಂದು ಕೇಳಿಕೊಂಡು ಕ್ರಿಸ್ತನತ್ತ ತಿರುಗುತ್ತಾನೆ. ಹಾಗೆ ತಿರುಗುವುದೆಂದರೇನು ಎಂಬುದು ನನಗೆ ಮನವರಿಕೆಯಾದದ್ದು ಡಚ್ ಮಹಿಳೆಯೊಬ್ಬರ ಬದುಕಿನಿಂದ.

ಕೋರಿ ಟೆನ್ ಬೂಮ್ ಹಾಲೆಂಡಿನ ಹಾರ್ಲೆಮ್ ನಗರದ ಗಡಿಯಾರದ ಅಂಗಡಿಯವರ ಮಗಳು. ನಾಜಿಗಳ ಆಳಿಕೆಯಲ್ಲಿ ಆ ಮನೆಯವರು ಯೆಹೂದ್ಯರನ್ನು ಬಚ್ಚಿಟ್ಟು ಕಾಪಾಡಿದರು. 1944ರ ಫೆಬ್ರವರಿಯಲ್ಲಿ ಎಲ್ಲರೂ ಸೆರೆಯಾದರು. ಎಂಬತ್ತನಾಲ್ಕು ವರ್ಷದ ತಂದೆ ಹತ್ತೇ ದಿನಗಳಲ್ಲಿ ತೀರಿಕೊಂಡರು. ಅಕ್ಕ ಬೆಟ್ಸಿ ಅದೇ ಡಿಸೆಂಬರಿನಲ್ಲಿ ರಾವೆನ್ಸ್‌ಬ್ರುಕ್ ಶಿಬಿರದಲ್ಲಿ ಅಸುನೀಗಿದರು. ಕೋರಿ ಬದುಕಿ ಹೊರಬಂದರು.

1947ರಲ್ಲಿ ಅವರು ಜರ್ಮನಿಯ ಮ್ಯೂನಿಕ್ ನಗರದ ಚರ್ಚೊಂದರಲ್ಲಿ ದೇವರ ಕ್ಷಮೆಯನ್ನು ಕುರಿತು ಮಾತನಾಡಿದರು. ಮಾತು ಮುಗಿದ ಮೇಲೆ ಒಬ್ಬಾತ ಮುಂದೆ ಬಂದು ಕೈ ಚಾಚಿದ. ಅವನು ರಾವೆನ್ಸ್‌ಬ್ರುಕ್‌ನ ಕಾವಲುಗಾರರಲ್ಲಿ ಒಬ್ಬನಾಗಿದ್ದವನು. ಕ್ಷಮೆಯನ್ನು ಬೋಧಿಸಿದ ಕೋರಿಯವರ ಕೈ ಮೇಲೇಳಲಿಲ್ಲ. ಒಳಗೆ ಸಿಟ್ಟಿತ್ತು, ಪ್ರೀತಿಯ ಕಿಡಿಯೂ ಇರಲಿಲ್ಲ. ಅವನನ್ನು ಕ್ಷಮಿಸುವ ಶಕ್ತಿ ತನ್ನಲ್ಲಿಲ್ಲ, ನಿನ್ನ ಕ್ಷಮೆಯನ್ನೇ ಕೊಡು ಎಂದು ಅವರು ಮೌನವಾಗಿ ಯೇಸುವನ್ನು ಬೇಡಿಕೊಂಡು, ಹೇಗೋ ಕೈ ನೀಡಿದರು. ಪ್ರೀತಿ ಬಂದದ್ದು ಆ ಮೇಲೆ, ಕೈ ಕೈಯನ್ನು ಮುಟ್ಟಿದಾಗ ಎಂದು ಅವರೇ ಬರೆದಿದ್ದಾರೆ.

ಶ್ರೋತೃಗಳು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಕೋರಿಯವರು ತಮ್ಮ ದ್ವೇಷವನ್ನು ಮುಚ್ಚಿಟ್ಟು ಸಾತ್ವಿಕರಂತೆ ನಟಿಸಲಿಲ್ಲ, ಬರಿಗೈಯೆಂದು ಒಪ್ಪಿಕೊಂಡರು. ಹಾಗೆಂದು ಮನಸ್ಸು ತಿಳಿಯಾಗಲೆಂದು ಕಾದು ಕೂರಲೂ ಇಲ್ಲ. ಕೈ ನೀಡುವ ಕೆಲಸ ಅವರದೇ ಆಗಿತ್ತು. ಯೋಹಾನನ ಸುವಾರ್ತೆಯಲ್ಲಿ ಯೇಸು ತನ್ನನ್ನು ದ್ರಾಕ್ಷೆಯ ಬಳ್ಳಿಗೂ ಶಿಷ್ಯರನ್ನು ಕೊಂಬೆಗಳಿಗೂ ಹೋಲಿಸುತ್ತಾನೆ. ಕೊಂಬೆ ತನ್ನಷ್ಟಕ್ಕೆ ಹಣ್ಣು ಬಿಡಲಾರದು. ಹಣ್ಣು ಬಿಡದೆ ಬಳ್ಳಿಯಲ್ಲಿ ನೆಲೆಸಿದ್ದೇನೆಂದು ಹೇಳಿಕೊಳ್ಳುವುದಕ್ಕೂ ಅರ್ಥವಿಲ್ಲ. ನಂಬಿಕೆಗೂ ನಡತೆಗೂ ಇರುವ ಸಂಬಂಧ ಇದೇ. ಕ್ಷಮೆಯೆಂದರೆ ಅನ್ಯಾಯವನ್ನು ನ್ಯಾಯವೆಂದು ಒಪ್ಪುವುದೂ ಅಲ್ಲ. ಸೇಡಿನ ಹಕ್ಕನ್ನು ಬಿಟ್ಟುಕೊಡುವುದು.

ಕಳೆದ ಕ್ರಿಸ್ಮಸ್ಸಿನ ಸಂಜೆ ನಾನು ತಮ್ಮನ ಮನೆಯ ಬಾಗಿಲು ತಟ್ಟಿದೆ. ನನ್ನೊಳಗೆ ಪ್ರೀತಿಯೇನೂ ಉಕ್ಕಿರಲಿಲ್ಲ. ಒಂದು ಪ್ರಾರ್ಥನೆ ಮಾತ್ರವಿತ್ತು. ಬಾಗಿಲು ತೆರೆದವನು ಬಹಳ ಹೊತ್ತು ಸುಮ್ಮನೆ ನಿಂತ. ಆಮೇಲೆ, "ಒಳಗೆ ಬಾ ಅಣ್ಣಾ, ಹೊರಗೆ ಚಳಿ" ಎಂದ. ಪಾಲಿನ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಈಗ ಅದನ್ನು ಇಬ್ಬರೂ ಒಂದೇ ಜಗುಲಿಯ ಮೇಲೆ ಕುಳಿತು ಮಾತನಾಡುತ್ತೇವೆ.