ಮೀಸೆಯಾಚೆಗಿನ ಬೆಟ್ಟ

ಅಕ್ಟೋಬರ್ ಬಂತೆಂದರೆ ನಮ್ಮ ಹಾಸ್ಟೆಲ್ ಹುಡುಗರ ಸ್ಟೇಟಸ್‌ಗಳೆಲ್ಲ ಕೆಂಪಾಗುತ್ತವೆ. ಕಾಶ್ಮೀರದ ಚಿನಾರ್ ಮರ, ಎಂಎಸ್ ಮಾಡಲು ಕೆನಡಾಕ್ಕೆ ಹೋದ ಸೀನಿಯರ್ ಕಳಿಸಿದ ಮೇಪಲ್ ಎಲೆ. ಶರತ್ಕಾಲ ಅಂದರೆ ಎಲೆ ಉದುರಲೇಬೇಕು ಅನ್ನುವುದು ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮೂರು ಕೌದಳ್ಳಿಯಲ್ಲಿ ಎಲ್ಲಾ ಉಲ್ಟಾ. ನಮ್ಮ ಕಡೆ ಮಳೆ ಜೋರಾಗುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಬೇರೆಯವರ ಎಲೆ ಉದುರುವ ಹೊತ್ತಿಗೆ ಮಾದಪ್ಪನ ಬೆಟ್ಟಸಾಲು ಕಡು ಹಸಿರಾಗಿರುತ್ತದೆ. ಕಾಡು ಬೋಳಾಗುವುದೇನಿದ್ದರೂ ಶಿವರಾತ್ರಿ ಹೊತ್ತಿಗೆ.

ಆ ಹಸಿರಿನಲ್ಲಿ ಅಡ್ಡಾಡಿ ತೆಗೆದ ಫೋಟೊಗಳನ್ನು ಎರಡು ವರ್ಷದಿಂದ ಕ್ಲಾಸ್ ಗ್ರೂಪಿಗೆ ಹಾಕುತ್ತಿದ್ದೇನೆ. ಲೈಕ್‌ಗಾಗಿ ಅಲ್ಲ (ಬಂದರೆ ಬೇಜಾರೇನೂ ಇಲ್ಲ). ಬಿಇ ಸೇರಿದ ಮೊದಲ ವಾರ 'ಯಾವೂರು?' ಎಂದವರಿಗೆಲ್ಲ ಹನೂರು ತಾಲ್ಲೂಕು ಎಂದರೆ ಬರುತ್ತಿದ್ದ ಮರುಪ್ರಶ್ನೆ ಒಂದೇ: 'ಓ, ವೀರಪ್ಪನ್ ಏರಿಯಾನಾ ಮಗಾ?' ವೀರಪ್ಪನ್ ಸತ್ತಿದ್ದು 2004ರ ಅಕ್ಟೋಬರ್ 18ರಂದು. ನಾನು ಹುಟ್ಟಿದ್ದು ಅದರ ಮರುವರ್ಷ. ನಾನು ನೋಡದ ಒಬ್ಬ ಮನುಷ್ಯನ ಮೀಸೆ ನನ್ನ ಊರಿನ ಗುರುತಾಗಿತ್ತು.

ಅದು ಸುಳ್ಳು ಎಂದು ವಾದಿಸುವಂತೆಯೂ ಇಲ್ಲ. ಪಕ್ಕದ ರಾಮಾಪುರದ ಪೊಲೀಸ್ ಠಾಣೆ ಮೇಲೆ ದಾಳಿ ನಡೆದದ್ದು 1992ರಲ್ಲಿ. ಅದೇ ವರ್ಷ ಮೀಣ್ಯಂ ಕಾಡಿನಲ್ಲಿ ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹಮದ್ ಬಲಿಯಾದರು. ಕೊಳ್ಳೇಗಾಲದಿಂದ ಹನೂರಿಗೆ ಬರುವ ದಾರಿಯಲ್ಲೇ ಸಿಗುವ ಕಾಮಗೆರೆಯಿಂದ ಮಾಜಿ ಸಚಿವ ನಾಗಪ್ಪ ಅವರನ್ನು 2002ರಲ್ಲಿ ಹೊತ್ತೊಯ್ದಿದ್ದು. ಹಿರಿಯರು ಈಗಲೂ ಈ ಮಾತು ಬಂದರೆ ದನಿ ತಗ್ಗಿಸುತ್ತಾರೆ.

ಆದರೆ ಗೋಪಿನಾಥಂಗೆ ಹೋಗಿ ನೋಡಿ. ಬೆಟ್ಟ ಇಳಿದು ಪಾಲಾರ್ ದಾಟಿದರೆ ಸಿಗುವ ಊರು, ವೀರಪ್ಪನ್ ಹುಟ್ಟೂರು. ಅಲ್ಲಿನ ಜನರಿಗಾಗಿ ದುಡಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, ವೀರಪ್ಪನ್ ಶರಣಾಗುತ್ತಾನೆಂಬ ಮಾತನ್ನು ನಂಬಿ ಹೋಗಿ 1991ರ ನವೆಂಬರ್ 10ರಂದು ಕೊಲೆಯಾದರು. ಅವರೇ ಕಟ್ಟಿಸಿದ ಮಾರಿಯಮ್ಮನ ಗುಡಿಯಲ್ಲಿ ಊರಿನವರು ಅವರ ಫೋಟೊ ಇಟ್ಟು ಕೈಮುಗಿಯುತ್ತಾರೆ. ಗೋಪಿನಾಥಂ ಜನ ಆರಿಸಿಕೊಂಡ ಫೋಟೊ ಅದು. ಈ ಕಥೆಯನ್ನು ಗ್ರೂಪಿಗೆ ಬರೆದು ಹಾಕಿದ ದಿನ, ಯಾವತ್ತೂ ಮೀಮ್ ಬಿಟ್ಟು ಬೇರೇನೂ ಕಳಿಸದ ರೂಮ್‌ಮೇಟ್ ಕೇಳಿದ: 'ಲೋ, ಇದನ್ನ ಯಾಕೆ ಯಾರೂ ಸಿನಿಮಾ ಮಾಡಿಲ್ಲ?'

ಆಮೇಲಿಂದ ನಾನು ಕ್ಯಾಪ್ಶನ್ ಇಲ್ಲದೆ ಫೋಟೊ ಹಾಕುವುದಿಲ್ಲ. ಭರಚುಕ್ಕಿಯ ನೀರು ಎಲ್ಲರ ಮೊಬೈಲ್‌ನಲ್ಲೂ ಒಂದೇ ಥರ ಬೀಳುತ್ತದೆ. ಅದರ ಕೆಳಗೆ '1902ರಲ್ಲಿ ಇಲ್ಲಿನ ಶಿವನಸಮುದ್ರದಿಂದ ಕೆಜಿಎಫ್ ಚಿನ್ನದ ಗಣಿಗೆ ಕರೆಂಟ್ ಹೋಯಿತು' ಎಂದು ಬರೆದರೆ ಎಲೆಕ್ಟ್ರಿಕಲ್ ಹುಡುಗರು ತಾವಾಗಿ ಲೆಕ್ಕಕ್ಕೆ ಇಳಿಯುತ್ತಾರೆ: ಎಷ್ಟು ವೋಲ್ಟ್, ಲೈನ್ ಲಾಸ್ ಎಷ್ಟು. ಉಳಿದವರು ಯಶ್ ಡೈಲಾಗ್ ಹಾಕುತ್ತಾರೆ. ಅದೂ ಇರಲಿ.

ಕಳೆದ ಜೂನ್‌ನಲ್ಲಿ ಮತ್ತೆ ನಮ್ಮ ಕಾಡಿನ ಫೋಟೊ ದೇಶವೆಲ್ಲ ಓಡಾಡಿತು. ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ವಿಷ ಬೆರೆತ ಹಸುವಿನ ಮಾಂಸ ತಿಂದು ಸತ್ತಿದ್ದವು. ನೋಡಲಾಗದ ಚಿತ್ರ. ಅದರ ಕೆಳಗಿನ ಮಾತುಗಳು ಇನ್ನೂ ಕೆಟ್ಟವು: ದನ ಸಾಕುವವರೆಲ್ಲ ಕೊಲೆಗಾರರು, ಊರನ್ನೇ ಎತ್ತಂಗಡಿ ಮಾಡಿ. ವಿಷ ಇಟ್ಟವರಿಗೆ ಶಿಕ್ಷೆ ಆಗಲೇಬೇಕು. ಆದರೆ ಹಾಗೆ ಬರೆದ ಎಷ್ಟು ಜನ ಇಲ್ಲಿ ದನದ ಹಿಂದೆ ಒಂದು ದಿನ ನಡೆದಿದ್ದಾರೆ? ದಸರಾ ರಜೆಯಲ್ಲಿ ದನ ಮೇಯಿಸುವ ಅಜ್ಜ ಒಬ್ಬರನ್ನು 'ಒಂದು ಫೋಟೊ ತೆಗೀಲಾ?' ಎಂದು ಕೇಳಿದೆ. 'ನನ್ನೊಬ್ಬುನ್ನೇ ಯಾಕ ತಗೀತೀಯ ಕನಪ್ಪ, ದನನೂವೆ ಬರಂಗೆ ತಗಿ' ಅಂದರು. ನಾಲ್ಕು ಹಸುಗಳನ್ನೂ ಹೆಸರು ಹಿಡಿದು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಅವರು ಒಪ್ಪಿದ ಮೇಲೆಯೇ ಗ್ರೂಪಿಗೆ ಹಾಕಿದ್ದು. ಕಮೆಂಟ್ ಕಡಿಮೆ ಬಂದವು. ನನಗೆ ಮಾತ್ರ ಈ ವರ್ಷದ ಒಳ್ಳೆಯ ಫೋಟೊ ಅದೇ.

ಒಂದನ್ನು ಮಾತ್ರ ಹಂಚಿಕೊಳ್ಳುವುದಿಲ್ಲ, ಪ್ರಾಣಿ ಕಂಡ ಜಾಗ. ಲೊಕೇಶನ್ ಆನ್ ಇದ್ದರೆ ಮೊಬೈಲ್ ಕ್ಯಾಮೆರಾ ಅಕ್ಷಾಂಶ, ರೇಖಾಂಶವನ್ನು ಫೋಟೊ ಫೈಲ್‌ನೊಳಗೇ ಬರೆದಿಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ. 'ಕ್ವಾಲಿಟಿ ಹಾಳಾಗುತ್ತೆ' ಅಂತ ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಹಾಗೇ ಉಳಿಯುತ್ತದೆ. ಆನೆಯ ಫೋಟೊ ಯಾರ ಕೈಗೆ ಹೋಗುತ್ತದೋ ಯಾರಿಗೆ ಗೊತ್ತು. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಲು ಹತ್ತು ಸೆಕೆಂಡ್ ಸಾಕು. ಇನ್ನು ಬೆಟ್ಟದ ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಆನೆ ಜೊತೆ ಸೆಲ್ಫಿ ತೆಗೆಯುವವರಿಗೆ ಹೇಳಲು ನನ್ನಲ್ಲಿ ಮರ್ಯಾದೆಯ ಪದಗಳಿಲ್ಲ.

ಈ ದೀಪಾವಳಿಗೆ ಕ್ಲಾಸಿನ ಆರು ಜನ ನಮ್ಮನೆಗೆ ಬರುತ್ತಾರಂತೆ. ಬೆಟ್ಟದ ಹಾಲರವೆ ಉತ್ಸವ ನೋಡಬೇಕಂತೆ, ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಹಳ್ಳದಿಂದ ನೀರು ಹೊತ್ತು ತರುವ ಸೇವೆ ಅದು. ಆ ಮಕ್ಕಳ ಮುಖಕ್ಕೆ ಮೊಬೈಲ್ ಹಿಡಿಯುವಂತಿಲ್ಲ ಎಂದು ಈಗಲೇ ಹೇಳಿಟ್ಟಿದ್ದೇನೆ. ತಾಳಬೆಟ್ಟದಿಂದ ಮೇಲಕ್ಕೆ ನಡೆದೇ ಹೋಗುವುದೆಂದು ನಿಕ್ಕಿಯಾಗಿದೆ. ಹಸುವಿನ ಅಜ್ಜನಿಗೆ ಆ ಫೋಟೊದ ಪ್ರಿಂಟ್ ಬೇಕಂತೆ, ಅದನ್ನು ಕೊಳ್ಳೇಗಾಲದಲ್ಲಿ ಹಾಕಿಸಿಕೊಂಡು ಬರುವ ಕೆಲಸ ರೂಮ್‌ಮೇಟ್‌ನದು.