‘ರೀ’ ಎಂಬ ಬಾಲ, ‘ಯಪ್ಪಾ’ ಎಂಬ ಮುದ್ದು

ಇನ್ನೊಂದು ಸೀಮೆಯ ಆಡುಮಾತಿಗೆ ಮೂಗು ಮುರಿಯುವುದು ಕನ್ನಡದಲ್ಲಿ ಹೊಸದೇನಲ್ಲ. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಸುಮಾರು ಕ್ರಿ.ಶ. 850ರಲ್ಲಿ, ನೃಪತುಂಗನ ಆಸ್ಥಾನದಲ್ಲಿ ರೂಪುಗೊಂಡ ‘ಕವಿರಾಜಮಾರ್ಗ’ವೇ, ದೇಸಿ ಬೇರೆಬೇರೆಯಾಗಿರುವ ಕನ್ನಡಗಳ ದೋಷಗಳನ್ನು ಲೆಕ್ಕಹಾಕಲು ಹೊರಟರೆ ವಾಸುಕಿಗೂ ಬೇಸರ ಬಂದೀತೆಂದು ಹೇಳಿದೆ. ಅದೇ ಗ್ರಂಥವು ಕನ್ನಡದ ತಿರುಳನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಗುರುತಿಸಿ ರಾಜಧಾನಿಯನ್ನು ಹೊರಗಿಟ್ಟಿತೆಂಬುದನ್ನು ಕಲಬುರಗಿ ಕನ್ನಡವನ್ನು ಹಳಿಯುವವರಿಗಿಂತ ಅದರ ವಕಾಲತ್ತು ವಹಿಸುವವರೇ ಹೆಚ್ಚು ಮರೆಯುತ್ತಾರೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಮಾತಿನಲ್ಲಿ ಹೊರಗಿನವರ ಕಿವಿಗೆ ಮೊದಲು ತಾಗುವುದು ವಾಕ್ಯವಾಕ್ಯಕ್ಕೂ ಹತ್ತಿಕೊಳ್ಳುವ ‘ರೀ’. ‘ಬನ್ನಿರಿ’, ‘ನೋಡಿರಿ’ ಎಂಬ ವಿಧ್ಯರ್ಥದ, ಎಂದರೆ ಅಪ್ಪಣೆ ಅಥವಾ ಕೋರಿಕೆಯನ್ನು ಸೂಚಿಸುವ, ಬಹುವಚನ ರೂಪಗಳ ಕೊನೆಯಲ್ಲಿದ್ದ ಈ ಪ್ರತ್ಯಯವು ಕ್ರಿಯಾಪದದಿಂದ ಕಳಚಿಕೊಂಡು, ‘ಹೌದ್ರಿ’, ‘ಇಲ್ರಿ’, ‘ಯಾಕ್ರಿ’ ಎಂದು ಯಾವ ಪದದ ಬೆನ್ನಿಗಾದರೂ ಏರುವ ಗೌರವಸೂಚಕವಾಯಿತು. ಹೆಂಡತಿಯು ಗಂಡನನ್ನು ಹೆಸರು ಹಿಡಿಯದೆ ಕರೆಯುವ ಕರೆಯೂ ಆಯಿತು. ಮಾತಿಗೊಂದು ‘ರೀ’ ಬೆಂಗಳೂರಿನ ಕಿವಿಗೆ ಕಿರಿಕಿರಿಯಾದರೆ, ಕೇಳಿದ್ದಕ್ಕೆ ಬರೀ ‘ಹೌದು’ ಎಂದು ಸುಮ್ಮನಾಗುವ ಹುಡುಗನು ಇಲ್ಲಿಯ ಹಿರಿಯರಿಗೆ ಸೊಕ್ಕಿನವನಂತೆ ಕಾಣುತ್ತಾನೆ.

ಅಕ್ಕರೆಯ ಕರೆಗಳಲ್ಲಿ ವಯಸ್ಸಿನ ಲೆಕ್ಕವೇ ತಿರುಗುಮುರುಗಾಗುತ್ತದೆ. ಊಟಕ್ಕೆ ಹಟ ಹಿಡಿದ ಮಗನಿಗೆ “ಉಣ್ಣೋ ಯಪ್ಪಾ, ಇದೊಂದ ತುತ್ತು” ಎಂದು ರಮಿಸುವ ತಾಯಿಯು ಮಗಳನ್ನು ‘ಯವ್ವಾ’ ಎನ್ನುತ್ತಾಳೆ, ಅಂದರೆ ಹೆತ್ತವರ ಹೆಸರಿನಿಂದಲೇ ಹೆತ್ತ ಮಕ್ಕಳನ್ನು ಕರೆಯುತ್ತಾಳೆ. ಇದರ ಹಿಂದೆ ಎರಡು ರೂಢಿಗಳು ಕೂಡಿಕೊಂಡಿರುವಂತೆ ತೋರುತ್ತದೆ: ತೀರಿಕೊಂಡ ಹಿರಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಡುವುದು ಒಂದು, ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ತರಬಾರದೆಂಬುದು ಇನ್ನೊಂದು. ಮಾವನ ಹೆಸರನ್ನೇ ಹೊತ್ತ ಕೂಸನ್ನು ಆಕೆ ‘ಅಪ್ಪಾ’ ಎಂದೋ, ಈ ಭಾಗದಲ್ಲಿ ಅಜ್ಜನಿಗೆ ಸಲ್ಲುವ ‘ಮುತ್ಯಾ’ ಎಂದೋ ಕರೆಯದೆ ಬೇರೆ ದಾರಿಯಿರಲಿಲ್ಲ.

ಈ ಕನ್ನಡ ಒಂಟಿಯಾಗಿ ಬೆಳೆದದ್ದೂ ಅಲ್ಲ. 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ತಾಲ್ಲೂಕುಗಳಲ್ಲಿ ಕಚೇರಿಯ ಭಾಷೆ ಉರ್ದುವಾಗಿತ್ತು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಓಡತೊಡಗಿದ ರೈಲು, ಶಹಾಬಾದಿನ ಕಲ್ಲುಗಣಿಗಳು, ಆಮೇಲಿನ ಸಿಮೆಂಟ್ ಕಾರ್ಖಾನೆಗಳು ಹಲವು ಭಾಷೆಯ ಜನರನ್ನು ತಂದು ಸೇರಿಸಿದವು. ಚಿಂಚೋಳಿಯ ತಾಂಡಾಗಳಲ್ಲಿ, ಎಂದರೆ ಲಂಬಾಣಿಗರ ವಸತಿಗಳಲ್ಲಿ, ತಾಯಿಯು ‘ಯಾಡಿ’. ಸೇಡಂ ಗಡಿಯಾಚೆಗೆ ತೆಲುಗು.

ಹೀಗೆ ಸೇರಿದ ಸದ್ದುಗಳಲ್ಲಿ ತೀರ ತಂಟೆಯದು ‘ಬೇ’. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ “ಬಾ ಬೇ” ಎಂಬುದು ತಾಯಿಗೋ ಹಿರಿಯ ಹೆಣ್ಣಿಗೋ ಸಲಿಗೆಯಿಂದ ಹೇಳುವ ಮಾತು. ಬಾಜೂಕಿನ ದಖ್ಖನಿ ಉರ್ದುವಿನಲ್ಲಿ “ಕ್ಯಾ ಬೇ” ಎಂಬುದು ಗೆಳೆಯರ ನಡುವೆ ನಡೆದರೂ ಅಪರಿಚಿತನಿಗೆ ಅಂದರೆ ಜಗಳಕ್ಕೆ ಕರೆದಂತೆ. ಅವ್ವನಿಗೆ ಒಂದು ‘ಬೇ’, ಚಹಾದಂಗಡಿಯ ಗೆಳೆಯನಿಗೆ ಇನ್ನೊಂದು ‘ಬೇ’ ಅನ್ನುವ ಹುಡುಗರು ಎರಡನ್ನೂ ಕಲಸಿಕೊಳ್ಳುವುದಿಲ್ಲ. ತಡವರಿಸುವವರು ಹೊಸದಾಗಿ ವರ್ಗವಾಗಿ ಬಂದ ನೌಕರರು.