ಸೂರ್ಯ ತಿರುಗೋದನ್ನ ಕಾಗದದ ಮೇಲೆ ಅಳೆಯೋಣ
ಬಳ್ಳಾರಿ ಕಡೆಯ ನಮ್ಮ ಕೊಳಗಲ್ಲಿನ ಬಿಸಿಲು ಗೊತ್ತಲ್ಲ? ಆ ಸೂರ್ಯನನ್ನ ಬರಿಗಣ್ಣಲ್ಲಾಗಲಿ, ಕೂಲಿಂಗ್ ಗ್ಲಾಸ್ ಹಾಕ್ಕೊಂಡಾಗಲಿ ನೋಡಲೇಬೇಡಿ. ಕಣ್ಣಿನೊಳಗಿನ ಪರದೆ ಸುಟ್ಟರೂ ನೋವು ಗೊತ್ತಾಗಲ್ಲ.

ನಾನು ಹೇಳೋ ದಾರಿ ಇಷ್ಟೇ: ಸಣ್ಣ ದೂರದರ್ಶಕದ ಬಿಂಬವನ್ನ ಬಿಳಿ ಕಾಗದದ ಮೇಲೆ ಬೀಳಿಸಿ. ಅದರೊಳಗೆ ಯಾರೂ ಇಣುಕಬಾರದು. ಮಕ್ಕಳ ಜತೆ ದೊಡ್ಡವರು ಇರಲೇಬೇಕು. ದಿನಾ ಒಂದೇ ಹೊತ್ತಿಗೆ ಸೂರ್ಯನ ಕಲೆಗಳನ್ನ ಗುರುತು ಹಾಕಿ. ನಡುವಿನ ಕಲೆ ಅಂಚು ಮುಟ್ಟೋಕೆ 7 ದಿನಕ್ಕೆ ತುಸು ಕಡಿಮೆ ಸಾಕು. ಅದು ಕಾಲು ಸುತ್ತು. ಪೂರ್ತಿ ಸುತ್ತಿಗೆ ಸುಮಾರು 27 ದಿನ. ಭೂಮಿಯೂ ಅದೇ ದಿಕ್ಕಿಗೆ ಸಾಗುತ್ತಿರೋದರಿಂದ, ಸೂರ್ಯನ ಮಧ್ಯರೇಖೆಯಲ್ಲಿ ನಿಜವಾದ ಸುತ್ತು ಸುಮಾರು 25 ದಿನ.

ಈಗ ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಗೆ ಸೇರಿದ ಕೊಡೈಕೆನಾಲ್ ವೀಕ್ಷಣಾಲಯ 1904ರಿಂದ ಇದೇ ಕಲೆಗಳ ಫೋಟೋ ತೆಗೆಯುತ್ತಾ ಬಂದಿದೆ.